ಮೂರನೇ ರೊಟ್ಟಿಗೇ ಕೈ ನಿಂತ್ರ ಅವತ್ತೇ ಹೇಳ್ರಿ

ಡಿಸೆಂಬರ್ ಬಂತಂದ್ರ ನಮ್ಮ ಕಲಬುರಗಿ ಕಡೆ ತೊಗರಿ ರಾಶಿ ಶುರು, ಅದರ ಹಿಂದಿಂದೇ ದವಾಖಾನ್ಯಾಗ ದಮ್ಮಿನ ಪೇಷಂಟ್‌ಗಳ ಸಾಲು ಶುರು. ರಾಶಿ ಧೂಳ, ಮುಂಜಾನಿ ಥಂಡಿ, ಮನ್ಯಾಗ ಕಟಗಿ ಹೊಗಿ, ಸಾಲಿಗೆ ಹೋಗೋ ಹುಡುಗರ ನೆಗಡಿ, ಎಲ್ಲಾ ಒಂದೇ ಟೈಮಿಗೆ ಬರ್ತಾವ. ನಾ ಡಾಕ್ಟರ್ ಅಲ್ರಿ, ಡಾಕ್ಟರ್ ನೋಡಿ ಪಂಪ್ (ಬಾಯಿಲೆ ಎಳಕೊಳ್ಳೋ ಇನ್ಹೇಲರ್), ಗುಳಿಗಿ ಬರದಮ್ಯಾಲ ಪೇಷಂಟ್ ಕೂಡ, ಮನಿಯವರ ಕೂಡ ಕೂತು ಮಾತಾಡೋದು ನನ್ನ ಕೆಲಸ. ಊರು ವಯಸ್ಸು ಸ್ವಲ್ಪ ಬದಲಿಸಿ ಬರದೀನಿ, ಆದ್ರ ಓದಿದವರಾಗ ಭಾಳ ಮಂದಿ ಇದು ನಮ್ಮ ಮನಿದೇ ಅಂತ ಅನ್ಕೋಬಹುದು, ಯಾಕಂದ್ರ ವರ್ಷಾ ಇಂಥವು ಬರ್ತಾನೇ ಇರ್ತಾವ.

ಅರವತ್ತರ ಆಸುಪಾಸಿನ ಅವ್ವಾರು, ಚಿಂಚೋಳಿ ಕಡೆಯವರು ಅಂತ ಇಟ್ಕೋರಿ. ಜನ್ಮದಾಗ ಬೀಡಿ ಮುಟ್ಟಿಲ್ಲ. ಅವರಿಗಿದ್ದದ್ದು ಸಿಓಪಿಡಿ, ಅಂದ್ರ ಉಸಿರಿನ ದಾರಿ ಕಿರಿದಾಗಿ ದಮ್ಮು ಕಟ್ಟೋ, ವರ್ಷಾನುಗಟ್ಟಲೆ ಇರೋ ಪುಪ್ಪುಸದ (ಶ್ವಾಸಕೋಶದ) ಬ್ಯಾನಿ. ಅದು ಬೀಡಿ ಸಿಗರೇಟ್ ಸೇದೋ ಗಂಡಸರ ಬ್ಯಾನಿ ಅಂತ ಮಂದಿ ತಿಳ್ಕೊಂಡಾರ, ಬೀಡಿ ದೊಡ್ಡ ಕಾರಣ ಖರೆ, ಆದ್ರ ಸಣ್ಣ ವಯಸ್ಸಿನಿಂದ ಕುಳ್ಳು, ತೊಗರಿ ಕಟಗಿ ಒಲಿ ಮುಂದ ಕೂತ ಹೆಣ್ಮಕ್ಕಳಿಗೂ ಪುಪ್ಪುಸ ಹಂಗೇ ಹಾಳಾಗ್ತಾವ. ಇವರು ರೊಟ್ಟಿ ಬಡದು ಖಾನಾವಳಿಗೆ ಕೊಡೋರು. ಎರಡು ಚಳಿಗಾಲ ಸಾಲಾಗಿ ಅಡ್ಮಿಟ್ ಆಗ್ಯಾರ, ಬರೋದೂ ಹ್ಯಾಂಗಂದ್ರ ನಡುರಾತ್ರಿ, ಮಾತು ಹೊರಡದಂಗ ದಮ್ಮು ಕಟ್ಟಿದಮ್ಯಾಲ.

ಮಗ ಒಳ್ಳೆಯವನು, ಅದೇ ಪಂಚಾಯ್ತಿ. ಬಂದು ಕೂತವನೇ ಏನೇನು ಬಂದ್ ಮಾಡ್ಸ್ಯಾನ ಅಂತ ಹೇಳ್ಲಾಕತ್ತ. ಮೊಸರು ಬಂದ್, ಬಾಳಿಹಣ್ಣು ಬಂದ್, ಅನ್ನ ಬಂದ್, ತಣ್ಣೀರು ಬಂದ್, ಜಾತ್ರಿ ಬಂದ್, ಅಂಗಳಕ್ಕ ಕೂಡೋದೂ ಬಂದ್. ಇಷ್ಟೆಲ್ಲಾ ಮಾಡಿದ್ರೂ ಮತ್ತ ಯಾಕ ಮೇಡಮ್ಮಾರ ಅಂತ. ಅವ್ವಾರು ತೂಕ ಇಳಿದು ಮುಂಗೈ ಎಲುಬು ಕಾಣ್ಲಿಕತ್ತಿತ್ತು. ಮೊಸರು ಬಾಳಿಹಣ್ಣಿಗೆ ಈ ದಮ್ಮು ಏಳ್ತದ ಅಂತ ನಮ್ಮ ಡಾಕ್ಟರ್ ಯಾವತ್ತೂ ಹೇಳಿಲ್ಲ, ಯಾರಿಗಾದ್ರೂ ಅಲರ್ಜಿ ಇದ್ರ ಆ ಮಾತು ಬ್ಯಾರೆ, ಉಳಿದವರು ಊಟ ಬಿಟ್ರ ಮೈಯಾಗಿನ ಕಸುವು ಹೋಗಿ ಉಸಿರಾಡೋದೇ ಇನ್ನೂ ಕಷ್ಟ ಆಗ್ತದ. ಮಗ ಬಂದ್ ಮಾಡ್ಸದೇ ಬಿಟ್ಟಿದ್ದು ಯಾವ್ಯಾವು ಕೇಳ್ರಿ: ಬಾಗಿಲು ಮುಚ್ಚಿದ ಅಡಗಿ ಮನ್ಯಾಗಿನ ಒಲಿ, ರಾತ್ರಿ ಸೊಳ್ಳಿ ಕಾಯಿಲ್, ಸಂಜಿಗೆ ಊದಬತ್ತಿ ಲೋಬಾನ, ಖಾರ ಹುರಿಯೋವಾಗಿನ ಘಾಟು. ಗ್ಯಾಸ್ ಇತ್ತು, ಚಹಾಕ್ಕಷ್ಟೇ.

ಆವಾಗ ನಾ ಮಗನಿಗೂ ಸೊಸಿಗೂ ಚಹಾ ಕುಡದು ಬರ್ರಿ ಅಂತ ಹೊರಗ ಕಳ್ಸಿದೆ. ಅವ್ವಾರಿಗೆ ಕೇಳಿದೆ, ಅವ್ವಾರ, ದಮ್ಮು ಏಳೋದು ನಿಮಗ ಮೊದಲೇ ಗೊತ್ತಾಗ್ತದೇನ್ರಿ?

ಅವರು ಮಾತಿಗಿಂತ ಮೊದಲು ಕೈ ಎತ್ತಿ ಟೇಬಲ್ ಮ್ಯಾಲ ರೊಟ್ಟಿ ಬಡದಂಗ ಮಾಡಿ ತೋರಿಸಿದ್ರು, ಅಂಗೈ ತಿರುವಿ ತಿರುವಿ. “ನೋಡ್ ಯವ್ವಾ, ಚಲೋ ಇದ್ದಾಗ ಹತ್ತು ರೊಟ್ಟಿ ಬಡದು ಆಮ್ಯಾಲ ಸೆರಗಿಲೆ ಮಾರಿ ಒರಸ್ಕೋತೀನಿ. ದಮ್ಮು ಬರೋದಿತ್ತಂದ್ರ ಮೂರನೇ ರೊಟ್ಟಿಗೇ ಕೈ ನಿಲ್ತದ, ನೆಲಕ್ಕ ಕೈ ಊರಿ ಕೂಡ್ತೀನಿ. ಮರುದಿನ ಕಫ ಹೆಚ್ಚಾಗ್ತದ, ಹಳದಿ ಬೀಳ್ತದ. ಅದರ ಮರುದಿನ ರಾತ್ರಿ ದವಾಖಾನಿ.”

ನಮ್ಮ ಡಾಕ್ಟರ್ ಪೇಷಂಟ್‌ಗಳಿಗೆ ಹೇಳೋ ಲಕ್ಷಣ ಇವೇ ರೀ. ದಿನಾ ಇರೋದಕ್ಕಿಂತ ದಮ್ಮು ಹೆಚ್ಚಾಗೋದು, ಕಫ ಹೆಚ್ಚಾಗೋದು, ಕಫದ ಬಣ್ಣ ಹಳದಿ ಹಸಿರು ಆಗೋದು. ಸಾಲಿ ಮುಖ ನೋಡದ ಅವ್ವಾರು ಅದನ್ನ ರೊಟ್ಟಿ ಲೆಕ್ಕದಾಗ ಹಿಡದಿದ್ರು, ಅದೂ ಎರಡು ದಿನ ಮುಂಚೆ.

ಮತ್ತ ಮನ್ಯಾಗ ಯಾಕ ಹೇಳಂಗಿಲ್ಲ ಅಂದೆ. ಬಾಗಿಲ ಕಡೆ ನೋಡಿ ದನಿ ಇಳಿಸಿದ್ರು. “ಹೇಳಿದ್ರ ಇನ್ನೊಂದು ಬಂದ್ ಮಾಡ್ತಾನ. ಈಗ ಉಳದಿದ್ದು ರೊಟ್ಟಿ ಒಂದೇ. ಅದೂ ಬಿಟ್ರ ನಾ ಆ ಮನ್ಯಾಗ ಮೂಲಿಗೆ ಕೂಡೋದು.” ಕೆಮ್ಮು ಮಗನಿಗೆ ಕೇಳಬಾರದಂತ ಬಾಯಾಗ ಲವಂಗ ಇಟ್ಕೊಂಡು ಗೋಡಿ ಕಡೆ ಮಾರಿ ಮಾಡಿ ಮಲಗ್ತಿದ್ರಂತ. ಚಲೋ ಇದ್ದಾಗ ಪಂಪೂ ಬಿಡ್ತಿದ್ರು, ಯಾರೋ ಪಂಪ್ ಚಟ ಹತ್ತತದ ಅಂದಿದ್ರು. ದಿನಾ ತಗೊಳ್ಳೋ ಪಂಪ್ ಚಟ ಅಲ್ರಿ, ಚಲೋ ಇದ್ದಾಗ ತಗೊಂಡ್ರೇ ಅದರ ಕೆಲಸ.

ಮಗನಿಗೆ ಒಳಗ ಕರದು ನಾ ಹೇಳಿದ್ದು ಇಷ್ಟು. ಹೊಗಿ ಪೂರ್ತಿ ಬಂದ್ ಆಗ್ಬೇಕು, ರೊಟ್ಟಿ ಬಂದ್ ಆಗ್ಬಾರದು. ಮೂರನೇ ರೊಟ್ಟಿಗೆ ಕೈ ನಿಂತ ದಿನ ಅವ್ವ ಬಾಯಿ ಬಿಟ್ಟು ಹೇಳ್ಬೇಕು, ಹೇಳಿದ್ರ ಮನ್ಯಾಗ ಯಾರೂ ‘ನಾ ಮೊದಲೇ ಹೇಳಿದ್ದೆ’ ಅನ್ನಬಾರದು. ಅವತ್ತು ಯಾವ ಪಂಪ್ ಎಷ್ಟು ಸಲ, ಎಷ್ಟೊತ್ತು ನೋಡಿ ದವಾಖಾನಿಗೆ ಬರಬೇಕು ಅಂತ ಡಾಕ್ಟರ್ ಕಡಿಂದ ಕನ್ನಡದಾಗೇ ಬರಸಿ ಕೊಟ್ಟೆ, ಅಡಗಿ ಮನಿ ಬಾಗಿಲಿಗೆ ಹಚ್ಚರಿ ಅಂತ. ಮೊಸರು ಬಾಳಿಹಣ್ಣು ವಾಪಸ್. ಫ್ಲೂ ಲಸಿಕಿ ವರ್ಷಕ್ಕೊಮ್ಮೆ, ನ್ಯುಮೋನಿಯಾ ಲಸಿಕಿ ಯಾವುದು ಯಾವಾಗ ಅಂತ ಡಾಕ್ಟರಿಗೇ ಕೇಳ್ರಿ ಅಂದೆ, ಯಾಕಂದ್ರ ದಮ್ಮು ಏಳ್ಸೋದ್ರಾಗ ನೆಗಡಿ ಜ್ವರದ ಇನ್ಫೆಕ್ಷನ್ನೇ ಎಲ್ಲಾದಕ್ಕಿಂತ ಮುಂದ, ಮೊಮ್ಮಗನ ಮೂಗು ಸೋರ್ತಿದ್ರ ಅವನನ್ನ ಬ್ಯಾರೆ ಹಾಸಿಗ್ಯಾಗ ಮಲಗಸ್ರಿ. ಶರಣಬಸವೇಶ್ವರ ಜಾತ್ರಿಗೆ ಹೋಗ್ಲಿ, ಮಾಸ್ಕ್ ಹಾಕ್ಕೊಂಡು ಮುಂಜಾನೆ ಹೋಗಿ ದರ್ಶನ ಮಾಡಿ ಬರ್ಲಿ, ತೇರು ಎಳೆಯೋ ಗದ್ದಲದಾಗ ಧೂಳಿನಾಗ ಬ್ಯಾಡ.

ಆವಾಗ ಸೊಸಿ, ಅಲ್ಲಿ ತನಕ ಒಂದು ಮಾತೂ ಆಡದಾಕಿ, “ಹಂಗಾದ್ರ ಒಲಿ ಮುಂದ ನಾ ಕೂಡ್ಬೇಕೇನ್ರಿ?” ಅಂದ್ಲು. ಆಕಿ ಕೇಳಿದ್ದು ನೂರಕ್ಕ ನೂರು ಸರಿ. ನಮ್ಮಲ್ಲಿ ಟ್ರಿಗರ್ (ದಮ್ಮು ಏಳ್ಸೋ ಕಾರಣ) ತಪ್ಪಸೋದು ಅಂದ್ರ ಭಾಳ ಸಲ ಅತ್ತಿ ಮುಂದಿನ ಹೊಗಿ ತಗೊಂಡು ಸೊಸಿ ಮುಂದ ಇಡೋದೇ ಆಗ್ತದ, ಇಪ್ಪತ್ತು ವರ್ಷ ಬಿಟ್ಟು ಸೊಸಿ ಅದೇ ಕುರ್ಚಿಗೆ ಬಂದು ಕೂಡ್ತಾಳ. ಅದಕ್ಕ ರೊಟ್ಟಿ ಪೂರಾ ಗ್ಯಾಸ್ ಮ್ಯಾಲ, ಕಿಟಕಿ ತೆಗೆದು, ಅತ್ತಿ ಬಡಿಯೋದು ಸೊಸಿ ಬೇಯಿಸೋದು. ನೀರು ಕಾಯಿಸ್ಲಿಕ್ಕೂ ಮನಿ ಒಳಗ ಬೆಂಕಿ ಬ್ಯಾಡ, ಹಿತ್ತಲಕ್ಕ, ಅದೂ ಒಣ ಕಟಗಿ, ಹಸಿ ಕಟಗಿ ಹೊಗಿ ಭಾಳ. ಸಿಲಿಂಡರ್ ಖರ್ಚು ಅಂತ ಮಗ ತಲಿ ಕೆರಕೊಂಡ. ಹೋದ ವರ್ಷದ ಅಡ್ಮಿಷನ್ ಬಿಲ್ಲು, ಕೂಲಿ ಹೋದ ದಿನ ಎಲ್ಲಾ ಅವನ ಕಡಿಂದೇ ಕೂಡಿಸಿ ಹಾಳಿ ಮ್ಯಾಲ ಬರಸಿದೆ, ಆಮ್ಯಾಲ ಸುಮ್ಮನಾದ.

ನಮ್ಮ ಜೊತಿ ಕೆಲಸ ಮಾಡೋರೊಬ್ಬರು ಆಮ್ಯಾಲ ನನಗ ಕೇಳಿದ್ರು, ರೊಟ್ಟಿ ಕೆಲಸ ಬಿಡ್ರಿ ಅಂತ ಕಡಾಖಂಡಿತ ಹೇಳೋದು ಬಿಟ್ಟು ಯಾಕ ಇಷ್ಟು ಸುತ್ತಿ ಬಳಸಿ ಅಂತ. ಹೇಳಬಹುದಿತ್ತು. ಅವ್ವಾರು ಹೂಂ ಅಂತಿದ್ರು, ಮನಿಗೆ ಹೋಗಿ ಮಗ ಹೊಲಕ್ಕ ಹೋದಮ್ಯಾಲ ಬಾಗಿಲು ಹಾಕ್ಕೊಂಡು ಬಡೀತಿದ್ರು. ಮುಚ್ಚಿಟ್ಟ ಒಂದೊಂದು ದಿನ ಈ ಬ್ಯಾನ್ಯಾಗ ತುಟ್ಟಿ ಬೀಳ್ತದ, ಒಂದೊಂದು ಸಲ ದಮ್ಮು ಎದ್ದಾಗೂ ಪುಪ್ಪುಸದ ಶಕ್ತಿ ಒಂದಿಷ್ಟು ಹೋದದ್ದು ಪೂರಾ ವಾಪಸ್ ಬರದೇ ಇರಬಹುದು. ಬಂದ್ ಬಂದ್ ಅನ್ನೋ ಮನ್ಯಾಗ ಪೇಷಂಟ್ ಸುಳ್ಳು ಹೇಳೋದು ಕಲೀತಾರ, ಇದು ನಾ ಪುಸ್ತಕ ನೋಡಿ ಹೇಳೋ ಮಾತಲ್ಲ.

ಇನ್ನೊಂದು, ಕೊರೊನಾ ಬಂದಾಗಿಂದ ಮನಿ ಮನ್ಯಾಗ ಬೆರಳಿಗೆ ಹಾಕೋ ಆಕ್ಸಿಜನ್ ಮೀಟರ್ ಅದ, ಕೆಲವರು ಆಕ್ಸಿಜನ್ ಮಷೀನ್ ಬಾಡಿಗಿ ತಂದು ನಂಬರ್ ನೂರಕ್ಕ ಮುಟ್ಲಿ ಅಂತ ಏರಿಸ್ತಾರ. ಸಿಓಪಿಡಿ ಪೇಷಂಟ್‌ಗೆ ಆಕ್ಸಿಜನ್ ಕೊಡೋವಾಗ ಸಾಮಾನ್ಯವಾಗಿ ಆ ಮೀಟರ್ ನಂಬರ್ 88ರಿಂದ 92ರ ನಡುವ ಇಡ್ತಾರ, ಜಾಸ್ತಿ ಕೊಟ್ರ ಮೈಯಾಗ ಕಾರ್ಬನ್ ಡೈಆಕ್ಸೈಡ್ ಹೆಚ್ಚಾಗಿ ಮನುಷ್ಯ ಮಂಪರಿಗೆ ಹೋಗಬಹುದು, ಡಾಕ್ಟರ್ ಹೇಳದೇ ಮಷೀನ್ ತಿರುವಬ್ಯಾಡ್ರಿ. ತುಟಿ ನೀಲಿ ಆದ್ರ, ಒಂದು ಮಾತು ಪೂರಾ ಆಡ್ಲಾಕ ಆಗಲಿಲ್ಲಂದ್ರ, ಮಬ್ಬಾಗಿ ಏನೇನೋ ಮಾತಾಡ್ಲಿಕತ್ರ ಬೆಳಗಾಗೋ ತನಕ ಕಾಯಬ್ಯಾಡ್ರಿ, 108ಕ್ಕ ಫೋನ್ ಮಾಡ್ರಿ.

ಈ ಚಳಿಗಾಲ ಅವ್ವಾರು ಒಮ್ಮೆ ಬಂದ್ರು, ಹಗಲು ಹೊತ್ತು, ನಡಕೋತ. ಡಾಕ್ಟರ್ ನೋಡಿ ಗುಳಿಗಿ ಕೊಟ್ಟು ಮನಿಗೆ ಕಳ್ಸಿದ್ರು, ಅಡ್ಮಿಟ್ ಬೀಳಲಿಲ್ಲ. ಖಾನಾವಳಿಯವ ಗ್ಯಾಸ್ ರೊಟ್ಟಿಗೆ ಮೊದಲಿನ ರುಚಿ ಇಲ್ಲ ಅಂತ ಗೊಣಗಿದ್ನಂತ, ಆದ್ರೂ ತಗೋತಾನ. ಬಾಜು ಮನಿಯವರು ದಿನಾ ಮುಂಜಾನೆ ಕಸಕ್ಕ ಬೆಂಕಿ ಹಚ್ಚೋದು ಮಾತ್ರ ಹಂಗೇ ಅದ, ಅದಕ್ಕ ನನ್ನ ಕಡೆ ಔಷಧ ಇಲ್ಲ. ಸೊಸಿಗೂ ಕೆಮ್ಮು ಇತ್ತು, ಪುಪ್ಪುಸದ ಶಕ್ತಿ ನೋಡೋ ಊದೋ ಟೆಸ್ಟ್ ಮಾಡಸ್ಕೋ ತಂಗಿ ಅಂದೀನಿ, ರಾಶಿ ಮುಗಿದಮ್ಯಾಲ ಬರ್ತೀನ್ರಿ ಅಂದಾಳ, ಇನ್ನೂ ಬಂದಿಲ್ಲ.