ಇಟಲಿಯ ಒಪೆರಾ (ಹಾಡಿನಲ್ಲೇ ಕಥೆ ಹೇಳುವ ಸಂಗೀತ ನಾಟಕ) ‘ಲಾ ವಾಲಿ’ಯ ಒಂದು ಹಾಡು ಅಷ್ಟು ಪ್ರಸಿದ್ಧ, ಇಡೀ ಒಪೆರಾ ರಂಗದ ಮೇಲೆ ಮಾತ್ರ ಯಾಕೆ ಅಪರೂಪ?
ಮುಖ್ಯ ಕಾರಣ ಕೊನೆಯ ಅಂಕ. ಅಲ್ಲಿ ಬೆಟ್ಟದಿಂದ ಜಾರಿಬಿದ್ದ ಹಿಮರಾಶಿ ನಾಯಕನನ್ನು ಕೊಚ್ಚಿಕೊಂಡು ಹೋಗುತ್ತದೆ, ನಾಯಕಿ ವಾಲಿಯೂ ಹಿಂದೆಯೇ ಹಾರುತ್ತಾಳೆ. ಇದನ್ನು ನಗು ಬಾರದಂತೆ ರಂಗದ ಮೇಲೆ ತೋರಿಸುವುದು ಸುಲಭವಲ್ಲ! ಜೊತೆಗೆ ವಾಲಿಯ ಪಾತ್ರಕ್ಕೆ ದೊಡ್ಡ ವಾದ್ಯವೃಂದವನ್ನು ಮೀರಿ ಕೇಳಿಸುವ, ಆದರೂ ಮೆತ್ತಗಾಗಬಲ್ಲ ಸೊಪ್ರಾನೊ (ಹೆಣ್ಣಿನ ಅತಿ ಎತ್ತರದ ಸ್ಥಾಯಿಯ) ಕಂಠ ಬೇಕು.

ಆ ಪ್ರಸಿದ್ಧ ಹಾಡು ‘ಎಬ್ಬೆನ್, ನೆ ಆಂದ್ರೊ ಲೊಂತಾನಾ’. ತಾನು ಹೇಳಿದವನನ್ನು ಮದುವೆಯಾಗು, ಇಲ್ಲವೇ ಮನೆ ಬಿಡು ಎಂದು ಅಪ್ಪ ಹಟ ಹಿಡಿದಾಗ, ಆಲ್ಪ್ಸ್ ಪರ್ವತಗಳ ಟಿರೋಲ್ ಸೀಮೆಯ ಹುಡುಗಿ ವಾಲಿ ಮೊದಲ ಅಂಕದಲ್ಲೇ ಹಾಡುವುದು. ಗೋಳಾಟವಿಲ್ಲ. ಗಂಟೆಯ ದನಿ ಬಿಳಿ ಹಿಮದೊಳಗೆ ಸಾಗುವಂತೆ ಒಬ್ಬಳೇ ಹೋಗುತ್ತೇನೆ ಅನ್ನುತ್ತಾಳೆ; ರಾಗ ಸಾವಕಾಶವಾಗಿ ಏರಿ, ಕೊನೆಗೆ ಒಮ್ಮೆಲೇ ಭೋರ್ಗರೆಯುತ್ತದೆ. ಈ ರಾಗವನ್ನು ಒಪೆರಾದ ಸಂಗೀತಕಾರ ಆಲ್ಫ್ರೆಡೊ ಕತಲಾನಿ 1878ರಲ್ಲೇ ಬೇರೊಂದು ಬಿಡಿಗೀತೆಗೆ ಹಾಕಿದ್ದ. ಒಪೆರಾ ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ತೆರೆ ಕಂಡದ್ದು 1892ರಲ್ಲಿ. 1981ರ ಫ್ರೆಂಚ್ ಚಿತ್ರ ‘ದಿವಾ’ ಹಾಡನ್ನು ಹೊಸಬರಿಗೂ ಮುಟ್ಟಿಸಿತು.

ಕತಲಾನಿ 1893ರಲ್ಲಿ, 39ನೇ ವಯಸ್ಸಿಗೇ ಕ್ಷಯದಿಂದ ತೀರಿಕೊಂಡ. ಅದೇ ವರ್ಷ ಅವನೂರು ಲುಕ್ಕಾದವನೇ ಆದ ಸಂಗೀತಕಾರ ಪುಚ್ಚೀನಿ ‘ಮನೋನ್ ಲೆಸ್ಕೊ’ ಒಪೆರಾದಿಂದ ಮೇಲೆದ್ದ, ಮುಂದೆ ಜನರ ಕಿವಿ ಅತ್ತ ವಾಲಿತು. ಹೆಸರಾಂತ ವಾದ್ಯವೃಂದ ನಿರ್ದೇಶಕ ತೊಸ್ಕನೀನಿ ಮಾತ್ರ ತನ್ನ ಮಗಳಿಗೆ ವಾಲಿ ಎಂದೇ ಹೆಸರಿಟ್ಟ. ನನ್ನನ್ನು ಕೇಳಿದರೆ, ಹಾಡಿನಷ್ಟೇ ನಾಲ್ಕನೇ ಅಂಕದ ಪೂರ್ವವಾದನವನ್ನೂ ಕೇಳಬೇಕು.