ಕ್ಯಾಲಿಫೋರ್ನಿಯಾ ಕರಾವಳಿಯಲ್ಲೇ ಹಿಂದೆ ಫರ್ ಸೀಲ್‌ಗಳು (ದಟ್ಟ ತುಪ್ಪಳವಿರುವ ಕಡಲ ಸಸ್ತನಿಗಳು) ಮರಿ ಹಾಕುತ್ತಿದ್ದವು ಅಂತ ಹೇಗೆ ಗೊತ್ತಾಯಿತು?

ಹಾಲು ಕುಡಿಯುವ ವಯಸ್ಸಿನ ಮರಿಗಳ ಮೂಳೆಗಳಿಂದ. ಮಾಂಟೆರೆ ಕೊಲ್ಲಿಯ ದಡದಲ್ಲಿ ಪ್ರಾಚೀನ ಜನ ತಿಂದು ಎಸೆದ ಚಿಪ್ಪು, ಮೂಳೆಗಳು ಮಣ್ಣಿನಡಿ ಉಳಿದಿವೆ. ಅದರಲ್ಲಿ ಇವೂ ಸಿಕ್ಕಿವೆ.

ಬರೀ ದೊಡ್ಡ ಸೀಲ್‌ಗಳ ಮೂಳೆ ಸಿಕ್ಕಿದ್ದರೆ ಏನೂ ಸಾಬೀತಾಗುತ್ತಿರಲಿಲ್ಲ. ಉತ್ತರದ ಫರ್ ಸೀಲ್‌ಗಳು ಈಗ ದೊಡ್ಡ ಸಂಖ್ಯೆಯಲ್ಲಿ ಮರಿ ಹಾಕುವುದು ದೂರದ ಬೇರಿಂಗ್ ಸಮುದ್ರದ ಪ್ರಿಬಿಲೋಫ್ ದ್ವೀಪಗಳಲ್ಲಿ. ಚಳಿಗಾಲದಲ್ಲಿ ದಕ್ಷಿಣಕ್ಕೆ ಈಜಿಕೊಂಡು ಬರುತ್ತವೆ. ಹಾಗೆ ಬಂದವನ್ನು ಯಾರೋ ಬೇಟೆಯಾಡಿರಬಹುದು, ಅಲ್ವಾ? ಆದರೆ ಹಾಲು ಬಿಡದ ಮರಿ ಅಷ್ಟು ದೂರ ಬರಲಾರದು. ಅದು ಅಲ್ಲೇ ಹತ್ತಿರದಲ್ಲಿ ಹುಟ್ಟಿರಬೇಕು.

ಮರಿ ಹಾಲು ಕುಡಿಯುತ್ತಿತ್ತು ಅನ್ನುವುದಕ್ಕೆ ಮೂಳೆಯ ಗಾತ್ರ ಒಂದು ಸುಳಿವು. ನನಗೆ ಜಾಸ್ತಿ ಇಷ್ಟವಾಗುವುದು ಇನ್ನೊಂದು: ನೈಟ್ರೋಜನ್. ಇದರಲ್ಲಿ ಹಗುರ, ಭಾರ ಎಂದು ಎರಡು ಬಗೆ ಇವೆ. ತಿನ್ನುವ ಪ್ರಾಣಿಯ ಮೈಯಲ್ಲಿ, ಅದು ತಿಂದ ಆಹಾರಕ್ಕಿಂತ ಭಾರದ ಬಗೆಯ ಪಾಲು ಸ್ವಲ್ಪ ಹೆಚ್ಚಿರುತ್ತದೆ. ಹಾಲು ತಾಯಿಯ ಮೈಯಿಂದಲೇ ಬಂದದ್ದು. ಹಾಗಾಗಿ ಮರಿಯ ಮೂಳೆಯಲ್ಲಿ ಭಾರದ ಬಗೆಯ ಪಾಲು ತಾಯಿಗಿಂತಲೂ ಹೆಚ್ಚು.

ಈ ಮರಿಗಳು ಈಗಿನವುಗಳಿಗಿಂತ ಹೆಚ್ಚು ಕಾಲ ಹಾಲು ಕುಡಿದಂತೆಯೂ ಕಾಣುತ್ತದೆ. ಪ್ರಿಬಿಲೋಫ್‌ನ ಮರಿಗಳು ಸುಮಾರು 4 ತಿಂಗಳಿಗೇ ಹಾಲು ಬಿಡುತ್ತವೆ.