ಬಡ ಊರಿನ ಶಾಲೆಗೆ ಜಾಸ್ತಿ ದುಡ್ಡು ಕೊಟ್ಟರೆ ಮಕ್ಕಳ ಕಲಿಕೆ ನಿಜವಾಗಲೂ ಸುಧಾರಿಸುತ್ತದಾ?

ಸುಧಾರಿಸುತ್ತದೆ. ಆದರೆ ಆ ದುಡ್ಡು ಯಾವುದಕ್ಕೆ ಬರುತ್ತದೆ, ಯಾವ ತಿಂಗಳಲ್ಲಿ ಬರುತ್ತದೆ ಅನ್ನುವುದು ಬಹಳ ಮುಖ್ಯ. ನಾನು ರಾಯಚೂರು ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿದವನು, ಮುಖ್ಯ ಶಿಕ್ಷಕನಾಗಿ ಖರ್ಚಿನ ಲೆಕ್ಕವನ್ನೂ ಬರೆದವನು.

ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲಾ ಅನುದಾನ ಅಂತ ಇದೆ. 2018ರಲ್ಲಿ ಯೋಜನೆ ಶುರುವಾದಾಗ ಮಾಡಿದ ಲೆಕ್ಕದಂತೆ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ. 200 ಮಕ್ಕಳಿದ್ದರೆ ತಲೆಗೆ 250 ಆಯ್ತು. ಸೀಮೆಸುಣ್ಣ, ಸಣ್ಣಪುಟ್ಟ ರಿಪೇರಿ, ಶೌಚಾಲಯದ ಸ್ವಚ್ಛತೆ ಎಲ್ಲ ಇದರಲ್ಲೇ ನಡೆಯಬೇಕು. ಅದೂ ಎಷ್ಟೋ ಸಲ ವರ್ಷದ ಕೊನೆಗೆ ಬರುತ್ತದೆ. ಮಾರ್ಚ್ ಒಳಗೆ ಖರ್ಚು ಮಾಡಿ ಅನ್ನುತ್ತಾರೆ. ಅವಸರದಲ್ಲಿ ಗೋಡೆಗೆ ಬಣ್ಣ ಹೊಡೆಸುತ್ತೇವೆ. ಜೂನ್‌ನಲ್ಲೇ ಬಂದಿದ್ದರೆ ಓದುವ ಪುಸ್ತಕ ತರಬಹುದಿತ್ತು.

ಆಂಧ್ರದ ಹಳ್ಳಿ ಶಾಲೆಗಳಲ್ಲಿ ಅರ್ಥಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದ್ದರು. ನೋಟ್‌ಬುಕ್ಕಿನಂಥ ಸಾಮಾನಿಗೆ ಅಂತ ಶಾಲೆಗಳಿಗೆ ಅನುದಾನ ಕೊಟ್ಟರು. ಮೊದಲ ವರ್ಷ ಯಾರಿಗೂ ಮುಂಚೆ ಗೊತ್ತಿರಲಿಲ್ಲ, ಮಕ್ಕಳ ಅಂಕ ಏರಿತು. ಎರಡನೇ ವರ್ಷ ಶಾಲೆಯೇ ಕೊಡುತ್ತದಲ್ಲ ಅಂತ ಹೆತ್ತವರು ತಮ್ಮ ಖರ್ಚು ಕಡಿಮೆ ಮಾಡಿದರು. ಆ ವರ್ಷ ಅಂಕದಲ್ಲಿ ಲಾಭ ಕಾಣಲಿಲ್ಲ. ಇದನ್ನು ಹಿಡಿದುಕೊಂಡು ಶಾಲೆಗೆ ದುಡ್ಡು ಹಾಕುವುದೇ ದಂಡ ಅಂದರೆ ನಾನು ಒಪ್ಪುವುದಿಲ್ಲ. ಕೂಲಿ ಮಾಡುವ ಮನೆಯಲ್ಲಿ ಉಳಿದ ನೂರು ರೂಪಾಯಿಗೂ ಹತ್ತು ದಾರಿ ಕಾದಿರುತ್ತವೆ, ಅಲ್ವಾ? ಆ ಹೆತ್ತವರು ಎಷ್ಟೇ ಕಷ್ಟಪಟ್ಟರೂ ಕೊಳ್ಳಲಾಗದ್ದನ್ನು ಶಾಲೆ ಕೊಡಬೇಕು.

ಅಂಥದ್ದರಲ್ಲಿ ಮೊದಲನೆಯದು ಮಾಸ್ತರು. ಒಂದರಿಂದ ಐದನೇ ತರಗತಿವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕ ಇರಬೇಕು ಅನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ನಮ್ಮ ಕಡೆ ಖಾಲಿ ಹುದ್ದೆಗಳಿಗೆ ಅತಿಥಿ ಶಿಕ್ಷಕರು ಬರುತ್ತಾರೆ, ಅದೂ ಶಾಲೆ ಶುರುವಾದ ಮೇಲೆ. ಅವರಲ್ಲಿ ತುಂಬಾ ಚೆನ್ನಾಗಿ ಕಲಿಸುವವರನ್ನು ನೋಡಿದ್ದೇನೆ. ಆದರೆ ಸಂಬಳ ಕಡಿಮೆ, ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಗೊತ್ತಿಲ್ಲ. ಗಣಿತಕ್ಕೆ ಯಾರೂ ಇಲ್ಲದ ಕಡೆ ಏಳನೇ ತರಗತಿಯ ಮಗು ಇನ್ನೂ ಭಾಗಾಕಾರದಲ್ಲೇ ಇರುತ್ತದೆ. ಪಟ್ಟಣದ ಮಗುವಿಗಾದರೆ ಟ್ಯೂಷನ್ ಇದೆ.

ಊಟದ ದುಡ್ಡನ್ನೂ ಕಲಿಕೆಯ ಲೆಕ್ಕಕ್ಕೇ ಸೇರಿಸಬೇಕು. 2021ರ ಡಿಸೆಂಬರ್‌ನಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಶುರುವಾಯಿತು. ಹಸಿದ ಮಗುವಿಗೆ ಮಗ್ಗಿ ಹತ್ತುವುದಿಲ್ಲ. ಹತ್ತಿ ಬಿಡಿಸುವ ಕಾಲಕ್ಕೆ ಮಕ್ಕಳು ಹೊಲಕ್ಕೆ ಹೋಗುತ್ತಾರೆ, ಹೆತ್ತವರು ಗುಳೆ ಹೋದರೆ ಅವರ ಜೊತೆ ಊರೇ ಬಿಡುತ್ತಾರೆ. ಅಂಥ ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳುವ ವಸತಿಗೆ ಹಾಕಿದ ದುಡ್ಡು ಸ್ಮಾರ್ಟ್ ಬೋರ್ಡಿಗಿಂತ ಎಷ್ಟೋ ಜಾಸ್ತಿ ಕೆಲಸ ಮಾಡುತ್ತದೆ.

ನಿಮ್ಮೂರಿನ ಶಾಲೆಗಾಗಿ ಕೇಳುತ್ತಿದ್ದರೆ ಎಸ್‌ಡಿಎಂಸಿ, ಅಂದರೆ ಹೆತ್ತವರೇ ಇರುವ ಶಾಲಾಭಿವೃದ್ಧಿ ಸಮಿತಿಯ ಸದಸ್ಯರನ್ನು ವಿಚಾರಿಸಿ: ಅನುದಾನ ಯಾವ ತಿಂಗಳಲ್ಲಿ ಬಂತು, ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಅತಿಥಿ ಶಿಕ್ಷಕರು ಯಾವಾಗ ಬಂದರು.